ಟಗರಿನ ಕೊರಳಲ್ಲಿ ಹನ್ನೆರಡು ಬೆಳಕು

ನನ್ನ ತಲೆಗೆ ಗೆದ್ದಲು ಹತ್ತಿದೆ ಎಂದು ಗ್ರೂಪಿನಲ್ಲಿ ಹಾಕಿದವನು ಯಾರು? ಹೆಸರು ಹೇಳುವುದಿಲ್ಲ. ನಿನ್ನ ಅಪ್ಪ ಚಡ್ಡಿ ಇಲ್ಲದೆ ನನ್ನ ಎಣ್ಣೆ ಡ್ರಮ್ಮಿನ ಸುತ್ತ ಓಡಾಡಿದ್ದು ನನಗೆ ನೆನಪಿದೆ, ಅಷ್ಟು ಸಾಕು. ಎಂಬತ್ತೊಂದು ನನಗೆ. ಹಲ್ಲು ಹೋಗಿವೆ, ಮೊಣಕಾಲು ಹೋಗಿವೆ, ಎಡಗಿವಿ ಹೋಗಿದೆ. ತಲೆ ಇನ್ನೂ ಹೆಗಲ ಮೇಲೇ ಇದೆ.

ನೀವು ಹೇಳಿಕೊಂಡು ಬಂದಿರುವ ಕಥೆ ಏನು? ಬಸಗೊಂಡ ಕಾಕಾ ತುಂಬಿದ ಪಂಚಾಯ್ತಿಗೆ ಟಗರನ್ನು ಎಳೆದು ತಂದ, ಎದೆ ತಟ್ಟಿ ಸತ್ಯ ಹೇಳಿದ, ಊರು ಉಳಿಸಿದ. ಶಾಲೆಯ ಗೋಡೆಯ ಮೇಲೆ ಚಿತ್ರವನ್ನೂ ಬರೆಸಿದ್ದೀರಂತೆ, ಮೀಸೆ ಸಮೇತ. ಸುಳ್ಳು. ಟಗರನ್ನು ನಾನು ತರಲಿಲ್ಲ, ಸತ್ಯವನ್ನೂ ನಾನು ಹೇಳಲಿಲ್ಲ. ಹಾಗೆಂದರೆ 'ಮುದುಕನಿಗೆ ಮರೆವು' ಅನ್ನುತ್ತೀರಿ. ತನ್ನ ದೊಡ್ಡಸ್ತಿಕೆಯನ್ನು ಮರೆಯುವ ಮುದುಕನನ್ನು ಎಲ್ಲಾದರೂ ಕಂಡಿದ್ದೀರಾ? ಸುಮ್ಮನೆ ಕೇಳಿ. ಫೋನಿನ ಗುಂಡಿ ಒತ್ತಿ ಹಿಡಿದು ಮಾತಾಡುತ್ತಿದ್ದೇನೆ, ಬೆರಳು ಜಾರಿ ತುಂಡು ತುಂಡಾಗಿ ಬಂದರೆ ಜೋಡಿಸಿಕೊಳ್ಳಿ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ತಿಕೋಟಾ ಕಡೆಯ ದ್ರಾಕ್ಷಿ ಸೀಮೆ. ನಾನು ಬಳ್ಳಿಗೆ ರೋಗ, ಹುಳದ ಎಣ್ಣೆ ಹೊಡೆಯುವ ಗ್ಯಾಂಗಿನ ಮೇಸ್ತ್ರಿ, ನನ್ನ ಕೈ ಕೆಳಗೆ ಹನ್ನೆರಡು ಜನ. ದ್ರಾಕ್ಷಿ ಬಳ್ಳಿ ರಾಜಕುಮಾರಿ ಇದ್ದ ಹಾಗೆ. ಅಕ್ಟೋಬರಿನಲ್ಲಿ ಚಾಟಣಿ ಮಾಡಿದ ದಿನದಿಂದ, ಅಂದರೆ ಬಳ್ಳಿ ಕತ್ತರಿಸಿದ ದಿನದಿಂದ, ಹಣ್ಣು ಕೊಯ್ಯುವವರೆಗೆ ಮೋಡ ಕಟ್ಟಿದರೊಮ್ಮೆ, ಇಬ್ಬನಿ ಬಿದ್ದರೊಮ್ಮೆ, ಮಾಲೀಕನಿಗೆ ಕೆಟ್ಟ ಕನಸು ಬಿದ್ದರೊಮ್ಮೆ ಎಣ್ಣೆ. ಕಲಕುವವನು ನಾನು. ಕೋಲಿನಿಂದ ಕಲಕಿದರೆ ಪುಡಿ ತಳ ಹಿಡಿಯುತ್ತದೆ ಎಂದು ನನ್ನ ಗುರು ಹೇಳಿಕೊಟ್ಟಿದ್ದ. ತೋಳು ಮುಳುಗುವ ತನಕ ಕೈ ಹಾಕಿ ತಿರುಗಿಸಬೇಕು, ಚರ್ಮ ಜುಮ್ಮೆಂದರೆ ಹದ ಬಂತು ಅಂತ ಲೆಕ್ಕ. ಹದಿನೈದನೇ ವಯಸ್ಸಿನಿಂದ ಹಾಗೇ ಹದ ನೋಡಿದವನು ನಾನು.

ಇನ್ನೊಂದು ಪದ್ಧತಿ ಹೇಳಬೇಕು. ಪ್ರತಿ ತೋಟದಲ್ಲೂ ಅಂಚಿನ ಒಂದು ಸಾಲಿಗೆ ನಾವು ಎಣ್ಣೆ ಹೊಡೆಯುತ್ತಿರಲಿಲ್ಲ. 'ಮನೆ ಸಾಲು' ಅನ್ನುತ್ತಿದ್ದೆವು. ಮಾಲೀಕನ ಮಕ್ಕಳು ತಿನ್ನುವ ಹಣ್ಣು ಅದರದ್ದೇ. ಊರ ದನಕರುಗಳ ಸೊಪ್ಪೂ ಅದರದ್ದೇ. ನನ್ನ ಟಗರು ಗುಂಡ್ಯಾನಿಗೂ ಅದರದ್ದೇ. ವಿಷ ಅನ್ನುವುದು ನಮಗೆ ಗೊತ್ತಿತ್ತು, ನೋಡಿ. ದನಕ್ಕೆ ಆಗಬಾರದು ಎಂದು ಗೊತ್ತಿತ್ತು. ಹೊಡೆಯುವವನ ಲೆಕ್ಕ ಮಾತ್ರ ಯಾರೂ ಹಿಡಿದಿರಲಿಲ್ಲ.

ಆ ವರ್ಷ ಮಿಣುಕು ಬಂತು.

ಮಣಿಕಟ್ಟಿಗೆ ಕಟ್ಟುವ ಪಟ್ಟಿ. ನಡುವೆ ಹುಣಸೆ ಬೀಜದಷ್ಟು ಗಾಜಿನ ಮಣಿ, ಮಣಿಯೊಳಗೆ ಜೀವ ಇರುವ ಯೀಸ್ಟು. ಇಡ್ಲಿ ಹಿಟ್ಟು ಉಬ್ಬುತ್ತದಲ್ಲ, ಅದರೊಳಗಿನ ಜೀವಿಗಳ ನೆಂಟರು. ಸಂಶೋಧನಾ ಕೇಂದ್ರದ ಡಾಕ್ಟರ್ ಇನಾಮದಾರ ಮೇಡಂ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದು ಹೀಗೆ: ಗಂಡಸಿನ ಮೈಯಲ್ಲಿ ಒಂದು ರಸ ಓಡಾಡುತ್ತದೆ, ಟೆಸ್ಟೊಸ್ಟೆರಾನ್. ಅದು ಕೀಲಿಕೈ. ಮೈಯ ಕಣಗಳಲ್ಲಿ ಅದಕ್ಕೆ ತಕ್ಕ ಬೀಗ ಇದೆ. ಕೀಲಿ ತಿರುಗಿದರೆ ಮೀಸೆ, ದನಿ, ಬೀಜ, ಎಲ್ಲ ತಮ್ಮ ಕೆಲಸ ಮಾಡುತ್ತವೆ. ನಾವು ಹೊಡೆಯುವ ಕೆಲವು ಎಣ್ಣೆಗಳು ಸೊಟ್ಟ ಕೀಲಿಗಳು. ಬೀಗದೊಳಗೆ ಹೋಗಿ ಕೂರುತ್ತವೆ, ತಿರುಗುವುದಿಲ್ಲ, ನಿಜವಾದ ಕೀಲಿಗೂ ಜಾಗ ಬಿಡುವುದಿಲ್ಲ. ಮಣಿಯೊಳಗಿನ ಯೀಸ್ಟಿಗೆ ಮನುಷ್ಯನ ಆ ಬೀಗವನ್ನೇ ಕೂರಿಸಿದ್ದರು. ಪಟ್ಟಿ ಚರ್ಮದಿಂದ ಹನಿ ರಸ ಹೀರುತ್ತದೆ. ನಿಜವಾದ ಕೀಲಿ ತಿರುಗಿದರೆ ಮಣಿ ಹಸಿರಾಗಿ ಬೆಳಗುತ್ತದೆ. ಸೊಟ್ಟ ಕೀಲಿ ಕೂತರೆ ಕತ್ತಲು.

ದಿನಕ್ಕೆ ನಾಲ್ಕು ತಾಸು ಮೈ ಅಲುಗಿಸದೆ ಇರಬೇಕು, ಆಗ ಒಂದು ಸಲ ಓದಿ, ಆ ಓದನ್ನೂ ಮೈಯ ಬಿಸಿಯನ್ನೂ ಕೇಂದ್ರಕ್ಕೆ ಕಳಿಸುತ್ತದೆ. ಆ ಬೆಳಕು ಮರುದಿನದ ತನಕ ನಿಲ್ಲುತ್ತದೆ. ಕಟ್ಟಳೆ ಏನೆಂದರೆ, ಮಣಿ ಮಂಕಾದವನಿಗೆ ತೋಟದ ಗೇಟು ಹದಿನೈದು ದಿನ ತೆರೆಯುವುದಿಲ್ಲ. ಒಂದು ಗ್ಯಾಂಗಿನಲ್ಲಿ ಐದು ಜನ ಮಂಕಾದರೆ ಆ ಎಣ್ಣೆಯೇ ಆ ಊರಿಗೆ ಬಂದ್.

ಮೇಡಂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಳು. ಆದರೆ ಗಂಡಸಿನ ಗಂಡಸುತನವನ್ನು ಎಲ್ಲರಿಗೂ ಕಾಣುವ ಹಾಗೆ ಮಣಿಕಟ್ಟಿಗೆ ಕಟ್ಟಿಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಆಕೆ ನಮ್ಮ ಊರ ಕಟ್ಟೆಗೆ ಬಂದು ಕೇಳಬೇಕಿತ್ತು. ಒಂದೇ ತಿಂಗಳಲ್ಲಿ ಹೆಣ್ಣಿನ ಕಡೆಯವರು ವರನ ಕೈ ಹಿಡಿದು ಕತ್ತಲ ಕೋಣೆಗೆ ಕರೆದೊಯ್ದು ನೋಡತೊಡಗಿದರು. ಶಿಕ್ಷಕರು, ಕಂಡಕ್ಟರು, ಪಟ್ಟಿಯ ಗರಜೇ ಇಲ್ಲದವರು ಕೂಡ ಎಲ್ಲಿಂದಲೋ ಒಂದು ತಂದು ಕಟ್ಟಿಕೊಂಡು ತೋಳು ಮಡಚಿ ಓಡಾಡಿದರು.

ನನ್ನ ಹನ್ನೆರಡು ಜನರದ್ದು? ಲೆಕ್ಕಕ್ಕೆ ಹಿಡಿಯದ ಮೊದಲ ವಾರದಲ್ಲೇ ಮಂಕು. ಎಲ್ಲಕ್ಕಿಂತ ಮಂಕು ರಾವುತಪ್ಪನದು. ಮೂವತ್ತರ ಗಟ್ಟಿ ಆಳು, ಬೆನ್ನಿಗೆ ಪಂಪು ಏರಿಸಿದರೆ ಎರಡು ಎಕರೆ ಮುಗಿಸಿಯೇ ಇಳಿಸುವವನು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಎಲ್ಲರೂ ನನ್ನ ಅಂಗಳದಲ್ಲಿ ಕೂತರು. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ.

"ಕಾಕಾ, ಇದನ್ನ ಕಟ್ಟಿಕೊಂಡು ಮನಿಗಿ ಹ್ಯಾಂಗ ಹೋಗ್ಲಿ? ಅವ್ವ ದಿನಾ ಕೈ ನೋಡ್ತಾಳ," ಎಂದ ರಾವುತಪ್ಪ.

"ಬಳಿ ತೊಟ್ಟುಕೊಂಡು ಹೋಗಲೇ, ಜೋಡಿ ಆಗ್ತದ," ಎಂದ ಇನ್ನೊಬ್ಬ. ಯಾರೂ ನಗಲಿಲ್ಲ.

ಆಗ ಒಳಗಿನ ಕತ್ತಲ ಕೋಣೆಯಿಂದ ಗುಂಡ್ಯಾ ಗೋಡೆಗೆ ಒಂದು ಗುದ್ದು ಗುದ್ದಿದ. ಕಾಳಗದ ಟಗರು. ಕಣ್ಣಿಗೆ ಬೆಳಕು ಬಿದ್ದರೆ ಸಿಟ್ಟು ಕಡಿಮೆಯಾಗುತ್ತದೆ ಎಂದು ನಾವು ಕತ್ತಲಲ್ಲೇ ಕಟ್ಟುತ್ತೇವೆ. ಮೂರು ಊರಿನ ಟಗರುಗಳ ಕೊಂಬು ಮುರಿದವನು. ನನಗೆ ಹೊಳೆಯಿತು. ಪಾಪದ ಯೋಚನೆಗಳು ನನಗೆ ಬೇಗ ಹೊಳೆಯುತ್ತವೆ.

"ಏ, ಆ ರಸ ಟಗರಿಗೂ ಇರ್ತದೋ ಇಲ್ಲೋ?"

ಇತ್ತು. ಅದೇ ರಸ. ಟಗರಿಗೂ ಮನುಷ್ಯನಿಗೂ ದೇವರು ಬೇರೆ ಕೀಲಿ ಕಡೆದಿಲ್ಲ. ಬೆಳಗಿನ ಕೆಲಸ ಮುಗಿಯುತ್ತಲೇ ಹನ್ನೆರಡೂ ಪಟ್ಟಿ ಬಿಚ್ಚಿ, ಉಣ್ಣೆ ಬೋಳಿಸಿದ ಅದರ ಕೊರಳಿಗೆ ಸಾಲಾಗಿ ಕಟ್ಟಿದೆವು. ಗುಂಡ್ಯಾ ಮಧ್ಯಾಹ್ನವಿಡೀ ಮಲಗಿ ಮೆಲುಕು ಹಾಕಿದ. ಸಂಜೆ ಬಾಗಿಲು ತೆರೆದರೆ, ಅಯ್ಯೋ, ಆ ಕತ್ತಲಲ್ಲಿ ಹನ್ನೆರಡು ಹಸಿರು ದೀಪ! ಗ್ರಹಗಳ ಹಾರ ಹಾಕಿಕೊಂಡಂತೆ ನಿಂತಿದ್ದ. ನನ್ನ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ರಾವುತಪ್ಪ ಮಾತ್ರ ತನ್ನ ಪಟ್ಟಿ ಕಟ್ಟಿಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ.

ಎರಡು ತಿಂಗಳಾದ ಮೇಲೆ ಕೇಂದ್ರದಿಂದ ನನಗೆ ಕರೆ. ತಂಪು ಗಾಳಿಯ ದೊಡ್ಡ ಕೋಣೆ, ಗೋಡೆಯ ತುಂಬ ತಾಲ್ಲೂಕಿನ ನಕಾಶೆ, ಗ್ಯಾಂಗಿಗೊಂದು ಗುಂಪು ಚುಕ್ಕೆ. ಎಲ್ಲ ಕಡೆ ಮಬ್ಬು. ನಮ್ಮೂರಿನ ಹನ್ನೆರಡು ಚುಕ್ಕೆ ಮಾತ್ರ ಹಬ್ಬದ ದೀಪ.

"ಬಸಗೊಂಡ ಅವರ, ನಿಮ್ಮವ್ರು ಏನು ತಿಂತಾರ?" ಎಂದಳು ಮೇಡಂ.

"ಸಜ್ಜಿ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ."

"ಅದನ್ನ ಎಲ್ಲರೂ ತಿಂತಾರ. ಮತ್ತ ಹನ್ನೆರಡೂ ಮಂದಿಗಿ ಸಣ್ಣ ಜ್ವರ ಯಾಕ? ದಿನಾ ಮಧ್ಯಾಹ್ನ ಮೂವತ್ತೊಂಬತ್ತು ಡಿಗ್ರಿ, ಒಂದ ಸಮ."

ಟಗರಿನ ಮೈ ಮನುಷ್ಯನಿಗಿಂತ ಬಿಸಿ ಎನ್ನುವುದು ನನಗೆ ಆ ಕ್ಷಣ ನೆನಪಾಯಿತು. "ಬಿಸಿಲ ನಾಡ್ರಿ ಮೇಡಂ. ನಾವು ಹುಟ್ಟತಾನ ಬಿಸಿ."

ಆಕೆ ನಗಲಿಲ್ಲ. ಪೆನ್ನಿನಿಂದ ನಕಾಶೆ ಮುಟ್ಟಿ ಹೇಳಿದಳು: "ಇದೇ ಎಣ್ಣಿ ಹೊಡದೂ ನಿಮ್ಮವ್ರ ಮಣಿ ಬೆಳಗತಾವ. ಅದಕ್ಕ ಮ್ಯಾಲಿನವ್ರು, ಇದರಿಂದ ಅಪಾಯ ಇಲ್ಲ, ಬಂದ್ ಆದ ಬಾಕಿ ಮೂವತ್ತು ಊರಿಗೂ ತಿರುಗಿ ಪರವಾನಗಿ ಕೊಡೋಣ ಅನ್ಲಾಕತ್ತಾರ. ನನಗ ಸಮಾಧಾನ ಇಲ್ಲ. ನೀವು ಹಿರಿಯರು, ಹೇಳ್ರಿ, ಈ ಓದು ಖರೇನ?"

"ಖರೇರಿ," ಎಂದೆ.

ಮೂವತ್ತು ಊರು. ಒಂದು ಮಾತು. ಬಸ್ಸಿನಲ್ಲಿ ಬರುವಾಗ ಕಡಲೆ ತಿಂದೆ, ಅದೂ ನೆನಪಿದೆ.

ಇತ್ತ ರಾವುತಪ್ಪನ ಮನೆಯಲ್ಲಿ ಮಿಣುಕು ಬೇರೆ ಕೆಲಸ ಮಾಡುತ್ತಿತ್ತು. ಅವನ ಹೆಂಡತಿ ಸುಗಂಧಾ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸುವವಳು. ಕಡಿಮೆ ಮಾತು, ಚುರುಕು ಕಣ್ಣು. ಕೆಟ್ಟ ಕಾಳು ಅವಳ ಬೆರಳಿನಿಂದ ತಪ್ಪಿಸಿಕೊಂಡದ್ದಿಲ್ಲ. ಅತ್ತೆ ಗುರುಬಾಯಿ ದಿನಾ ಸಂಜೆ ಮಗನ ಕೈಯನ್ನು ಎತ್ತಿ ನೆರೆಯವರಿಗೆ ತೋರಿಸತೊಡಗಿದಳು.

"ನೋಡ್ರೆವ್ವಾ, ನನ್ನ ಮಗ ಹ್ಯಾಂಗ ಉರೀಲಾಕತ್ತಾನ! ಇಷ್ಟು ದಿನ ಯಾರದು ಕೊರತಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಈಗ ಯಂತ್ರನ ಹೇಳ್ತು. ಬೀಜ ಗಟ್ಟಿ ಅದ, ಹೊಲಾನ ಸವಳು."

ರಾವುತಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಬೇರೆ ಹೆಣ್ಣು ನೋಡಿ ಇಟ್ಟಿದ್ದರು. ಸುಗಂಧಾಳನ್ನು ತವರಿಗೆ ಕಳಿಸಲು ಒಂದು ಸೋಮವಾರ ಹಿರಿಯರು ಕೂರುವುದು ಎಂದಾಯಿತು. ರಾವುತಪ್ಪ ನನ್ನ ಬಳಿ ಬಂದು ಅತ್ತ. "ಕಾಕಾ, ಹೇಳಿಬಿಡ್ಲಾ?"

"ಹೇಳು," ಎಂದೆ. "ನಾಳಿಂದ ಹನ್ನೆರಡು ಮನಿ ಗಂಡಸರು ಊರಾಗ ಹ್ಯಾಂಗ ತಿರಗತಾರ ಅದನ್ನೂ ಹೇಳು. ಹೆಂಗಸು ತವರಿಗಿ ಹೋಗೋದೇನು ಹೊಸಾದಲ್ಲ. ನನ್ನ ಮೊದಲನೇದಾಕಿ ಹೋಗಿಲ್ಲೇನು? ಸತ್ತಳೇನು?"

ಒಳಗೆ ನನ್ನ ಎರಡನೆಯ ಹೆಂಡತಿ ಶಾಂತವ್ವ ಚಹಾ ಸೋಸುತ್ತಿದ್ದಳು. ಸೋಸುವ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಶಾಂತವ್ವನಿಗೂ ಮಕ್ಕಳಿರಲಿಲ್ಲ.

ಚಿಗುರು ಚಿವುಟುವ ಕೆಲಸ ನಡೆದಿತ್ತು ಆಗ. ಗುಂಡ್ಯಾನಿಗೆ ಸೊಪ್ಪು ತರಲು ಶಾಂತವ್ವನಿಗೆ ಬೆನ್ನು ನೋವು. ಸುಗಂಧಾ ತಾನಾಗಿ ಬಂದು, "ನಾ ತಂದು ಹಾಕ್ತೀನಿ ಬಿಡ್ರಿ ಅತ್ತಿ," ಎಂದಳು. ಮನೆ ಸಾಲಿನದೇ ತಾ ಎಂದು ಶಾಂತವ್ವ ಹೇಳಿದ್ದು ನನಗೆ ಕೇಳಿಸಿತ್ತು. ಮಧ್ಯಾಹ್ನ ಆ ಕೋಣೆಗೆ ಯಾರನ್ನೂ ಬಿಡಬಾರದು ಅನ್ನುವುದು ನನಗೆ ಹೊಳೆಯಬೇಕಿತ್ತು. ನಾನು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದೆ.

ಮೂರು ವಾರ ಹೋಯಿತು. ಗುಂಡ್ಯಾ ಗೋಡೆಗೆ ಗುದ್ದುವುದು ಬಿಟ್ಟ. ಪಕ್ಕದೂರಿನ ಒಂದು ಬಡಕಲು ಟಗರಿನ ಮುಂದೆ ಬಿಟ್ಟರೆ ಮೂಸಿ ನೋಡಿ ಹಿಂದೆ ಸರಿದ. ಜನ ಸಿಳ್ಳೆ ಹಾಕಿದರು. ಮನೆಗೆ ತಂದು ಕೋಣೆಗೆ ಬಿಟ್ಟು ನೋಡುತ್ತೇನೆ, ಕೊರಳಿನ ಮಣಿಗಳೆಲ್ಲ ಮಂಕಾಗುತ್ತಿವೆ. ಶನಿವಾರ ಹನ್ನೆರಡೂ ಕತ್ತಲು. ಐದು ನಿಮಿಷಕ್ಕೆ ಫೋನು.

"ಬಸಗೊಂಡ ಅವರ," ಎಂದಳು ಮೇಡಂ, "ನಿಮ್ಮ ಹನ್ನೆರಡೂ ಮಂದಿ ಒಂದ ದಿನಕ್ಕ ಆರ್‍ಯಾರ. ಮನುಷ್ಯರು ಹಿಂಗ ಒಟ್ಟಿಗಿ ಆರೂದಿಲ್ಲ. ಯಾರೂ ತೋಟಕ್ಕ ಕಾಲ ಇಡಬ್ಯಾಡ್ರಿ. ಸೋಮವಾರ ನಾನ ಬರ್ತೀನಿ."

ಸೋಮವಾರ. ಅದೇ ಸೋಮವಾರ.

ಹಿರಿಯರು ಕೂತದ್ದು ಒಣದ್ರಾಕ್ಷಿ ಶೆಡ್ಡಿನಲ್ಲಿ, ಅಲ್ಲಿ ತಂಪು, ಅರೆಗತ್ತಲು. ಸುಗಂಧಾಳ ಅಣ್ಣ ಬಂದಿದ್ದ, ಮೂಲೆಯಲ್ಲಿ ಅವಳ ಟ್ರಂಕು ಆಗಲೇ ತಂದು ಇಟ್ಟಿದ್ದರು. ನನ್ನನ್ನು ನಡುವೆ ಕೂರಿಸಿದರು, ಮೇಸ್ತ್ರಿ ಅಂತ. ಗುರುಬಾಯಿ ಎದ್ದು ಮಗನ ತೋಳು ಎತ್ತಿ ಹಿಡಿದಳು.

"ಬಾಯಿ ಮಾತ್ಯಾಕ? ಬೆಳಕು ನೀವ ನೋಡ್ರಿ!"

ಬೆಳಕು ಇರಲಿಲ್ಲ. ಶನಿವಾರದಿಂದ ರಾವುತಪ್ಪ ಮಣಿಯನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟಿದ್ದ. ಆಕೆ ಮಣಿಯನ್ನು ಸೆರಗಿನಿಂದ ಒರೆಸಿದಳು. ಮತ್ತೆ ಒರೆಸಿದಳು.

"ಎಲ್ಲಿ ಹೋತು?" ಎಂದಳು. ಅಷ್ಟು ಸಣ್ಣ ದನಿ ಆಕೆಯದು ನಾನು ಕೇಳಿರಲಿಲ್ಲ.

ಸುಗಂಧಾ ಎದ್ದು ನಿಂತಳು. "ಹಿರಿಯರ, ನನ್ನ ಕಳಸೂದಾದ್ರ ಕಳಸ್ರಿ. ಅದಕ್ಕ ಮೊದಲ ನನ್ನ ಗಂಡನ್ನ ಕರಸ್ರಿ."

"ಇಲ್ಲೇ ಕುಂತಾನಲ್ಲವಾ," ಎಂದರು ಯಾರೋ.

"ಇವರಲ್ರಿ. ಎರಡು ತಿಂಗಳು ಬೆಳಗಿದಾಂವ್ನ. ಅಂವ ಬಸಗೊಂಡ ಕಾಕಾನ ಕೋಣ್ಯಾಗ ಕಟ್ಟ್ಯಾನ. ಕೊಂಬು ಅದಾವ."

ಒಬ್ಬ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡ. ಅವಳು ಹೊರಗೆ ಹೋಗಿ ಹಗ್ಗ ಹಿಡಿದು ಗುಂಡ್ಯಾನನ್ನು ತಾನೇ ಒಳಗೆ ತಂದಳು. ಎರಡು ಆಳು ಎಳೆದರೂ ಬರದವನು ಆಡಿನ ಮರಿಯ ಹಾಗೆ ಅವಳ ಹಿಂದೆ ಬಂದ. ಬೋಳಿಸಿದ ಕೊರಳಲ್ಲಿ ಹನ್ನೆರಡು ಪಟ್ಟಿಯ ಗುರುತು.

"ಮೊದಲನೇ ದಿನ ಸೊಪ್ಪು ಹಾಕಾಕ ಹೋದಾಗ ಎಲ್ಲಾ ಕಂಡೆ. ಮರುದಿನದಿಂದ ಮನಿ ಸಾಲಿಂದು ಬಿಟ್ಟೆ. ಎಣ್ಣಿ ಹೊಡದ ಸಾಲಿನ ಚಿಗುರ ತಂದು ಹಾಕಿದೆ. ನನ್ನ ಗಂಡಗ ಏಳು ವರ್ಷ ಏನು ಉಣಿಸೀರಿ, ಅದನ್ನ ಇದಕ್ಕ ಇಪ್ಪತ್ತು ದಿನ ಉಣಿಸಿದೆ. ಈಗ ನೋಡ್ರಿ. ಇದರ ಹೆಣ್ತಿನೂ ಸವಳ ಹೊಲ ಅಂತೀರೇನು?" ಅವಳು ನನ್ನ ಕಡೆ ತಿರುಗಿದಳು. "ಕಾಕಾ, ನೀವ ಹೇಳ್ರಿ. ಸುಳ್ಳೇನು?"

ಇದೇ ಜಾಗ, ನೋಡಿ. ನಿಮ್ಮ ಗೋಡೆಯ ಚಿತ್ರದಲ್ಲಿ ನಾನು ಎದೆ ತಟ್ಟುವ ಜಾಗ. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ. ಹನ್ನೆರಡು ಗಂಡಸರ ಕಣ್ಣು 'ಬೇಡ' ಅನ್ನುತ್ತಿವೆ. ನಾನು, ಇಡೀ ಊರನ್ನು ಬಾಯಲ್ಲೇ ಕಟ್ಟಿ ಹಾಕಿದವನು, ಒಣದ್ರಾಕ್ಷಿಯ ಟ್ರೇ ನೋಡುತ್ತ ಕೂತೆ. ಟ್ರೇ ಹಸಿರು ಬಣ್ಣದ್ದು, ಒಂದು ಮೂಲೆ ಒಡೆದಿತ್ತು.

ಹೇಳಿದವನು ರಾವುತಪ್ಪ. ಪಟ್ಟಿ ಕಿತ್ತು ತಾಯಿಯ ಕಾಲ ಬಳಿ ಇಟ್ಟ. "ಅಕಿ ಹೇಳೂದು ಖರೇ ಅವ್ವಾ. ಟ್ರಂಕ ಒಳಗ ಒಯ್ಯಿ."

ಮೇಡಂ ಜೀಪು ಬಂದಾಗ ಅಲ್ಲೇ ಎಲ್ಲರೂ ಕೂತಿದ್ದೆವು. ಆಕೆ ಟಗರನ್ನು ನೋಡಿದಳು, ಕೊರಳು ಮುಟ್ಟಿದಳು, ಕುರ್ಚಿಯ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಬೈಯಲಿಲ್ಲ. "ಮೂವತ್ತು ಊರಿನ ಪರವಾನಗಿ ನಾಳಿ ಸಹಿ ಆಗೋದಿತ್ತು," ಎಂದಳು ಅಷ್ಟೆ. ನಂತರ ಹೊಸ ಮಣಿ ತೆಗೆದು ಹನ್ನೆರಡೂ ಜನರ ಕೈಗೆ ತಾನೇ ಕಟ್ಟಿ, ಬಿಚ್ಚಲು ಬಾರದ ಹಾಗೆ ಮುದ್ರೆ ಒತ್ತಿ, ನಾಲ್ಕು ತಾಸು ಅಲ್ಲೇ ಚಾಪೆಯ ಮೇಲೆ ಮಲಗಿಸಿದಳು. ಒಂದು ಮಣಿ ಉಳಿದಿತ್ತು. ನನ್ನ ತೋಳು ನೋಡಿದಳು. ಮೊಣಕೈ ತನಕ ಚರ್ಮ ಹಲ್ಲಿಯ ಹೊಟ್ಟೆಯ ಹಾಗೆ ಬಿಳಿಚಿಕೊಂಡಿತ್ತು.

"ನೀವೂ ಮಲಗ್ರಿ."

"ನಾ ಹೊಡಿಯೂದಿಲ್ರಿ, ಬರೀ ಕಲಕ್ತೀನಿ."

"ಮಲಗ್ರಿ."

ನಾಲ್ಕು ತಾಸಿಗೆ ಹದಿಮೂರು ಮಣಿಯೂ ಮಂಕು. ಎಲ್ಲಕ್ಕಿಂತ ಕಪ್ಪು ನನ್ನದು.

"ಎಷ್ಟು ವರ್ಷದಿಂದ ಕೈ ಹಾಕ್ಲಾಕತ್ತೀರಿ?"

"ನಲವತ್ತು."

"ಮಕ್ಕಳು?"

"ಇಲ್ಲ. ಎರಡು ಮದುವಿ. ಮೊದಲನೇದಾಕಿ ಬಂಜಿ ಅಂತ ತವರಿಗಿ ಬಿಟ್ಟೆ."

"ನಿಮ್ಮನ್ನ ಯಾರರೆ ಪರೀಕ್ಷೆ ಮಾಡಿದ್ರೇನು?"

"ಇಲ್ರಿ."

"ಹಂಗಾದ್ರ ಕೊರತಿ ಆಕೀದು ಅಂತ ಯಾರು ಹೇಳಿದ್ರು?"

ಯಾವ ಡಾಕ್ಟರೂ ಹೇಳಿರಲಿಲ್ಲ, ಯಾವ ಯಂತ್ರವೂ ಹೇಳಿರಲಿಲ್ಲ. ನಾನೇ ಹೇಳಿದ್ದೆ. ಇಪ್ಪತ್ತೈದರ ವಯಸ್ಸಿನಲ್ಲಿ, ಎಣ್ಣೆ ವಾಸನೆಯ ಇದೇ ಕೈ ಆಡಿಸುತ್ತ.

ಆ ಎಣ್ಣೆ ಬಂದ್ ಆಯಿತು. ಬೀಜ ಹೊಸದಾಗಿ ಕಟ್ಟಲು ಎರಡೂವರೆ ತಿಂಗಳು ಬೇಕಂತೆ. ದೂರವಿದ್ದರೆ ಕೆಲವರಿಗೆ ಮರಳುತ್ತದೆ, ಎಲ್ಲರಿಗೂ ಅಲ್ಲ ಎಂದಳು ಮೇಡಂ. ಹನ್ನೆರಡರಲ್ಲಿ ಏಳು ಮಣಿ ಮತ್ತೆ ಬೆಳಗಿದವು. ಗುಂಡ್ಯಾನದೂ ಬೆಳಗಿತು, ಆದರೆ ಅವನು ಕಾಳಗಕ್ಕೆ ನಿಲ್ಲಲೇ ಇಲ್ಲ, ಸುಗಂಧಾಳ ಹಿಂದೆ ತಿರುಗುತ್ತ ಮುದಿಯಾದ. ರಾವುತಪ್ಪನದು ಬೆಳಗಲಿಲ್ಲ. ಸುಗಂಧಾ ಹೋಗಲಿಲ್ಲ. ಗುರುಬಾಯಿ ಒಮ್ಮೆ ಕೇಳಿದಳಂತೆ, "ಇನ್ನ ಯಾಕ ಇದ್ದಿಯವಾ?" ಅಂತ. "ನಿಮ್ಮ ಮಗ ಖರೇ ಹೇಳಿದ್ರಲ್ಲ, ಅದಕ್ಕ," ಎಂದಳಂತೆ. ಈಗ ಕೇಂದ್ರದಲ್ಲಿ ಪಟ್ಟಿಗೆ ಮುದ್ರೆ ಒತ್ತುವವಳು ಅವಳೇ. ನಿಮ್ಮ ಗೋಡೆಯ ಮೇಲೆ ಬರೆಯಬೇಕಾದ ಚಿತ್ರ ಅವಳದು. ನನ್ನ ಮೀಸೆಗೆ ಸುಣ್ಣ ಬಳಿಯಿರಿ.

ಇನ್ನು ಒಂದು ಮಾತು, ಅದಕ್ಕಾಗಿಯೇ ಇಷ್ಟು ಹೊತ್ತು ಬಡಬಡಿಸಿದ್ದು. ನನ್ನ ಮೊದಲನೆಯವಳ ಹೆಸರು ಬೌರವ್ವ. ಜತ್ತ ಕಡೆಯವಳು. ಎಡಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ನಾನು ಬಿಟ್ಟ ಮೇಲೆ ಅಣ್ಣನ ಮನೆಯಲ್ಲೇ ಉಳಿದಳು, ಐವತ್ತಾರು ವರ್ಷ. ಸೀಮಂತಕ್ಕೆ ಕರೆಯುತ್ತಿರಲಿಲ್ಲ, ಕೂಸಿನ ತೊಟ್ಟಿಲ ಬಳಿ ನಿಲ್ಲಿಸುತ್ತಿರಲಿಲ್ಲ ಎಂದು ಕೇಳಿದ್ದೇನೆ. ಆ ಸೋಮವಾರದ ಮಾರನೆಯ ವಾರ ನಾನು ಅವಳ ಊರಿನ ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಚಹಾ ಕುಡಿದು ಅದೇ ಬಸ್ಸಿಗೆ ವಾಪಸು ಬಂದೆ. ಆಮೇಲೆ ಎರಡು ಸಲ ಹೋದೆ, ಎರಡು ಸಲ ಬಂದೆ. ಈಗ ಕಾಲಿಲ್ಲ.

ನನ್ನ ದನಿ ಹೋಗಬಹುದು. ಇದನ್ನು ಜತ್ತ ಕಡೆ ನೆಂಟರಿರುವ ಎಲ್ಲರಿಗೂ ಕಳಿಸಿ. ಅವರು ತಮ್ಮವರಿಗೆ ಕಳಿಸಲಿ. ಗಲ್ಲದ ಮೇಲೆ ಮಚ್ಚೆ ಇರುವ ಮುದುಕಿ ಸಿಗುವ ತನಕ ಕಳಿಸುತ್ತಲೇ ಇರಿ. ಅವಳಿಗೆ ಕಿವಿ ಮಂದವಾಗಿದ್ದರೆ ಪಕ್ಕದಲ್ಲಿರುವವರು ಜೋರಾಗಿ ಹೇಳಿ, ಮನೆಯವರಿಗೆಲ್ಲ ಕೇಳುವ ಹಾಗೆ: ಕೊರತೆ ಬೌರವ್ವನದು ಅಂತ ಹೇಳಿದವನು ಬಸಗೊಂಡ. ಅವನಿಗೆ ಗೊತ್ತಿರಲಿಲ್ಲ, ಆದರೂ ಹೇಳಿದ.